ಕ್ವೆರ್ಸೆಟಿನ್ ಇಳಿಸಿದ್ದು ಉರಿಯೂತವನ್ನೋ, ಬರೀ ಬಣ್ಣವನ್ನೋ?

ಕೋಶಪಾಲ:
ರಾ 264.7 ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಕ) ಕೋಶಗಳು, 96 ಗುಳಿಯ ತಟ್ಟೆ, ಗುಳಿಗೆ 50,000. ಈರುಳ್ಳಿಯ ಫ್ಲೇವನಾಯ್ಡ್ ಕ್ವೆರ್ಸೆಟಿನ್ 20 ಮೈಕ್ರೋಮೋಲಾರ್, ಒಂದು ಗಂಟೆ ಬಿಟ್ಟು ಎಲ್‌ಪಿಎಸ್ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾ ಹೊದಿಕೆಯ ಅಂಶ) ಮಿ.ಲೀ.ಗೆ 100 ನ್ಯಾನೋಗ್ರಾಂ. 24 ಗಂಟೆಗೆ ಗ್ರೀಸ್ ಪರೀಕ್ಷೆಯಲ್ಲಿ (ಕೋಶ ಬಿಟ್ಟ ನೈಟ್ರಿಕ್ ಆಕ್ಸೈಡಿನ ಗುರುತಾದ ನೈಟ್ರೈಟನ್ನು ಅಳೆಯುವುದು) ಗುಲಾಬಿ ಬಣ್ಣ ಅರ್ಧಕ್ಕಿಳಿದಿದೆ. ಎಂಟಿಟಿಯಲ್ಲಿ (ಬದುಕಿದ ಕೋಶ ನೇರಳೆಯಾಗಿಸುವ ಬಣ್ಣದ ಪರೀಕ್ಷೆ) ಕೋಶಗಳೆಲ್ಲ ಬದುಕಿವೆ. ‘ಎನ್‌ಎಫ್-ಕಪ್ಪಾ ಬಿ ತಡೆಯಿತು’ (ಉರಿಯೂತದ ಜೀನುಗಳನ್ನು ಎಬ್ಬಿಸುವ ಪ್ರೋಟೀನು ಅದು) ಎಂದು ಬರೆಯಲು ಇಷ್ಟು ಸಾಕೇ?

ಹುಳಿಮಜ್ಜಿಗೆ:
ಸಾಲದು. ಗ್ರೀಸ್ ದ್ರಾವಣ ಆಮ್ಲೀಯ. ಅಲ್ಲಿ ನೈಟ್ರೈಟು ನೈಟ್ರಸ್ ಆಮ್ಲವಾಗುತ್ತದೆ, ಕ್ವೆರ್ಸೆಟಿನ್ ಅದನ್ನು ನುಂಗಿಬಿಡಬಲ್ಲದು. ಕೋಶಗಳೇ ಇಲ್ಲದ ಮಾಧ್ಯಮಕ್ಕೆ 20 ಮೈಕ್ರೋಮೋಲಾರ್ ಸೋಡಿಯಂ ನೈಟ್ರೈಟ್ ಹಾಕಿ, ಕ್ವೆರ್ಸೆಟಿನ್ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ 540 ನ್ಯಾನೋಮೀಟರಿನಲ್ಲಿ ಓದಿ. ಅಲ್ಲೂ ಇಳಿದರೆ ಆ ಇಳಿತಕ್ಕೂ ಕೋಶಕ್ಕೂ ಸಂಬಂಧವಿಲ್ಲ. ಎಂಟಿಟಿಯದು ಇದರ ತಿರುಗುಮುರುಗು: ಫ್ಲೇವನಾಯ್ಡ್ ತಾನೇ ಅದನ್ನು ಅಪಕರ್ಷಿಸಿ ನೇರಳೆಯಾಗಿಸುತ್ತದೆ, ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಎಂಟಿಟಿ ಹಾಕುವ ಮೊದಲು ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಎರಡು ಸಲ ತೊಳೆಯಿರಿ.

ಈರುಳ್ಳಿಸಿಪ್ಪೆ:
ಪರೀಕ್ಷೆ ಕೆಟ್ಟಿತೆಂದು ಕ್ರಿಯೆಯೇ ಸುಳ್ಳಾಗದು. ಎಲ್‌ಪಿಎಸ್ ಕೋಶದ ಗ್ರಾಹಕ ಟಿಎಲ್‌ಆರ್4ನ್ನು ತಟ್ಟಿದರೆ ಐಕೆಕೆ ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಎದ್ದು, ಎನ್‌ಎಫ್-ಕಪ್ಪಾ ಬಿಯನ್ನು ಕಟ್ಟಿಹಾಕಿದ ಐಕಪ್ಪಾಬಿ-ಆಲ್ಫಾಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದು ಪ್ರೋಟಿಯಾಸೋಮಿಗೆ (ಪ್ರೋಟೀನು ಚೂರುಮಾಡುವ ಯಂತ್ರ) ಹೋಗುತ್ತದೆ, ಬಿಡುಗಡೆಯಾದ ಪಿ65 (ಎನ್‌ಎಫ್-ಕಪ್ಪಾ ಬಿಯ ಭಾಗ) ನ್ಯೂಕ್ಲಿಯಸ್ಸಿಗೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಐನಾಸ್, ಉರಿಯೂತದ ಸಂಕೇತಗಳಾದ ಟಿಎನ್‌ಎಫ್-ಆಲ್ಫಾ, ಐಎಲ್-6 ಹುಟ್ಟುವುದು ಆಮೇಲೆ. ಕ್ವೆರ್ಸೆಟಿನ್ ಕೈನೇಸುಗಳ ಎಟಿಪಿ ಗೂಡಿಗೆ ಕೂರುತ್ತದೆ. ಪಿಐ3-ಕೈನೇಸ್ ತಡೆಯುವ ಎಲ್‌ವೈ294002 ಅದರ ರಚನೆಯಿಂದಲೇ ಬಂದದ್ದು. ಆದರೆ ಇದನ್ನು 24ನೇ ಗಂಟೆಯಲ್ಲಿ ಹುಡುಕಬೇಡಿ. ಐಕಪ್ಪಾಬಿ-ಆಲ್ಫಾ 15–30 ನಿಮಿಷದಲ್ಲಿ ಕರಗಿ, ಒಂದು ಗಂಟೆ ಹೊತ್ತಿಗೆ ಮತ್ತೆ ತುಂಬಿಕೊಳ್ಳತೊಡಗುತ್ತದೆ, ಏಕೆಂದರೆ ಅದರ ಜೀನನ್ನು ಎಬ್ಬಿಸುವುದೂ ಎನ್‌ಎಫ್-ಕಪ್ಪಾ ಬಿಯೇ. 0, 15, 30, 60 ನಿಮಿಷಕ್ಕೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನು ಗುರುತಿಸುವ ಪರೀಕ್ಷೆ), ಆರನೇ ಗಂಟೆಗೆ ಟಿಎನ್‌ಎಫ್ ಎಲೈಸಾ (ಪ್ರತಿಕಾಯದಿಂದ ಪ್ರಮಾಣ ಅಳೆಯುವುದು).

ಹುಳಿಮಜ್ಜಿಗೆ:
ಕೈನೇಸಿಗೇ ಎಲ್ಲ ಶ್ರೇಯಸ್ಸು ಕೊಡಬೇಡಿ. 37 ಡಿಗ್ರಿಯ ಡಿಎಂಇಎಂ ಮಾಧ್ಯಮದಲ್ಲಿ ಕ್ವೆರ್ಸೆಟಿನ್ ಕೆಲವೇ ಗಂಟೆಗಳಲ್ಲಿ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಅದರ ಬಿ ಉಂಗುರದ ಕ್ಯಾಟಿಕಾಲ್ (ಪಕ್ಕಪಕ್ಕದ ಎರಡು ಹೈಡ್ರಾಕ್ಸಿಲ್) ಕ್ವಿನೋನ್ ಆಗಿ ಕೀಪ್1 ಪ್ರೋಟೀನಿನ ಸಿಸ್ಟೀನಿಗೆ ಅಂಟುತ್ತದೆ, ಅದು ಹಿಡಿದಿಟ್ಟ ಎನ್‌ಆರ್‌ಎಫ್2 ಬಿಡುಗಡೆಯಾಗಿ ರಕ್ಷಕ ಕಿಣ್ವ ಹೀಮ್ ಆಕ್ಸಿಜನೇಸ್-1 ಏರುತ್ತದೆ. ‘ಆಂಟಿಆಕ್ಸಿಡೆಂಟ್’ ಎಂದು ಮಾರುವ ವಸ್ತು ಇಲ್ಲಿ ಕೋಶಕ್ಕೆ ಚಿಟಿಕೆಯಷ್ಟು ಆಕ್ಸಿಡೆಂಟ್ ಚುರುಕು ಮುಟ್ಟಿಸುತ್ತಿದೆ! ಒಂದು ಸಾಲಿಗೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಹಾಕಿ. ಇನ್ನೊಂದು ಸಾಲಿಗೆ ಕೆಂಫೆರಾಲ್: ಬಿ ಉಂಗುರದಲ್ಲಿ ಒಂದೇ ಹೈಡ್ರಾಕ್ಸಿಲ್, ಕ್ಯಾಟಿಕಾಲ್ ಇಲ್ಲ.

ಕೋಶಪಾಲ:
ಕ್ವೆರ್ಸೆಟಿನ್ ಸ್ಟಾಕ್ 20 ಮಿಲಿಮೋಲಾರ್, ಡಿಎಂಎಸ್‌ಒ (ಕರಗಿಸುವ ದ್ರವ) ಮಿ.ಲೀ.ಗೆ 6.04 ಮಿ.ಗ್ರಾಂ. ಸಾವಿರಕ್ಕೊಂದು ಹಾಕಿದರೆ ಡಿಎಂಎಸ್‌ಒ ಶೇ. 0.1.

ತಕ್ಕಡಿ:
ಬಾಟಲಿಯ ಮೇಲೆ ‘ಡೈಹೈಡ್ರೇಟ್’ ಎಂದಿದೆಯೇ? ಹಾಗಿದ್ದರೆ ಅಣುತೂಕ 302.24 ಅಲ್ಲ, 338.27. ಬೇಕಾದದ್ದು 6.77 ಮಿ.ಗ್ರಾಂ, ನಿಮ್ಮದು 18 ಮಿಲಿಮೋಲಾರ್ ಹತ್ತಿರ ನಿಂತಿದೆ. ಸ್ಟಾಕ್ ಕಂದಾಗಿದ್ದರೆ ಚೆಲ್ಲಿ. ಡಿಎಂಎಸ್‌ಒ ಮಾತ್ರ ಹಾಕಿದ ಗುಳಿ ಇರಲೇಬೇಕು.

ಗುಳಿಗೆಬೇಡ:
ಇಷ್ಟೆಲ್ಲ ಮಾಡಿದರೂ 20 ಮೈಕ್ರೋಮೋಲಾರ್ ಬಿಡಿ ಕ್ವೆರ್ಸೆಟಿನ್ ರಕ್ತದಲ್ಲಿ ಸಿಗುವುದಿಲ್ಲ. ಈರುಳ್ಳಿಯ ಗ್ಲೂಕೋಸೈಡು ಕರುಳಲ್ಲಿ ಕತ್ತರಿಸಿಕೊಂಡು, ಗೋಡೆ ದಾಟುವಾಗಲೇ ಗ್ಲೂಕುರೋನೈಡ್, ಸಲ್ಫೇಟ್ ಆಗುತ್ತದೆ. ಅದೂ ಕೆಲವೇ ಮೈಕ್ರೋಮೋಲಾರ್.

ಈರುಳ್ಳಿಸಿಪ್ಪೆ:
ಉರಿಯೂತದ ಜಾಗದಲ್ಲಿ ಬೀಟಾ-ಗ್ಲೂಕುರೋನಿಡೇಸ್ ಅದನ್ನು ಮತ್ತೆ ಬಿಡಿಸುತ್ತದಲ್ಲ.

ಗುಳಿಗೆಬೇಡ:
ಆ ಕಿಣ್ವಕ್ಕೆ ಹುಳಿ ವಾತಾವರಣ ಬೇಕು, ನಿಮ್ಮ ಮಾಧ್ಯಮದ ಪಿಎಚ್ 7.4. ಕ್ವೆರ್ಸೆಟಿನ್-3-ಗ್ಲೂಕುರೋನೈಡನ್ನೇ 1 ಮತ್ತು 5 ಮೈಕ್ರೋಮೋಲಾರ್ ಹಾಕಿ, ಬಿಡಿಯಾದದ್ದೆಷ್ಟು ಎಂದು ಎಚ್‌ಪಿಎಲ್‌ಸಿಯಲ್ಲಿ (ಅಣುಗಳನ್ನು ಬೇರ್ಪಡಿಸುವ ಯಂತ್ರ) ಅಳೆದು ಮಾತಾಡೋಣ.

ಈರುಳ್ಳಿಸಿಪ್ಪೆ:
ಒಪ್ಪಿದೆ. ಅದರ ಜೊತೆ ಇನ್ನೊಂದು ಸಾಲು: ಕ್ವೆರ್ಸೆಟಿನ್ ತೊಳೆದು ತೆಗೆದ ಮೇಲೆ ಎಲ್‌ಪಿಎಸ್. ಆಗಲೂ ಟಿಎನ್‌ಎಫ್ ಇಳಿದರೆ ಕೆಲಸ ಕೋಶದೊಳಗೇ ಆಗಿದೆ.

ಕೋಶಪಾಲ:
ಸರಿ, ಮೊದಲು ಕೋಶವಿಲ್ಲದ ನೈಟ್ರೈಟ್ ಸಾಲು. ಅಲ್ಲಿ ಬಣ್ಣ ಇಳಿಯದಿದ್ದರೆ ಮಾತ್ರ ಕ್ಯಾಟಲೇಸ್, ಕೆಂಫೆರಾಲ್, ಗ್ಲೂಕುರೋನೈಡ್, ತೊಳೆದ ಸಾಲು, ತಲಾ ಮೂರು ಗುಳಿ.

ತಕ್ಕಡಿ:
ಅಂಚಿನ ಗುಳಿಗಳಿಗೆ ಬರೀ ಪಿಬಿಎಸ್ ತುಂಬಿ. 24 ಗಂಟೆಯಲ್ಲಿ ಮೊದಲು ಆರುವುದು ಅವೇ.