ಬೈಪಾಸ್ ಆದವರಿಗೆ ಮತ್ತೆ ಸ್ಟೆಂಟ್: ಅನುಭವ ಇದ್ದವರು ಹೇಳಿ

ಸಿಂಧನೂರಿನಿಂದ ಪ್ರಶ್ನೆ:
ನಮ್ಮ ಮಾವನವರಿಗೆ 68 ವರ್ಷ. 2012ರಲ್ಲಿ ಬೈಪಾಸ್ ಆಗಿದೆ. ಶುಗರ್ ಇದೆ. ಈಗ ಸ್ವಲ್ಪ ನಡೆದರೂ ಎದೆ ಹಿಡಿದಂತಾಗುತ್ತದೆ. ಆಂಜಿಯೋಗ್ರಾಂ (ಹೃದಯದ ನಾಳಗಳ ಎಕ್ಸ್‌ರೇ ಪರೀಕ್ಷೆ) ಮಾಡಿ, ಬೇಕಾದರೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಹಾಕೋಣ ಎಂದಿದ್ದಾರೆ. ಎದೆ ಕೊಯ್ದು ಆಪರೇಷನ್ ಮಾಡಿದ ಮೇಲೂ ಇದು ಯಾಕೆ ಬರುತ್ತದೆ? ಸ್ಟೆಂಟ್ ಸಾಕಾ, ಮತ್ತೆ ಆಪರೇಷನ್ ಬೇಕಾ?

ರಾಯಚೂರಿನಿಂದ ಉತ್ತರ:
ಅಕ್ಕಾ, ನಮ್ಮ ಅಪ್ಪಾಜಿಗೂ ಹೀಗೇ ಆಗಿತ್ತು. ಈಗ ಹೊಲದವರೆಗೆ ನಡೆದು ಹೋಗಿ ಬರ್ತಾರೆ. ಧೈರ್ಯವಾಗಿರಿ. ಆದರೆ ಕೂತಲ್ಲೇ ಎದೆ ನೋವು ಬಂದರೆ, ಬೆವರು ಬಂದರೆ ಯಾರ ಉತ್ತರಕ್ಕೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲು ಹಳೇ ಆಪರೇಷನ್ ಕಾಗದ ಹುಡುಕಿ. ನಾನು ಹೇಳೋದರಲ್ಲಿ ಇದೇ ಮುಖ್ಯ. ನಮ್ಮನೆಯಲ್ಲಿ ಅದು ಟ್ರಂಕಿನಲ್ಲಿ ಪಹಣಿಗಳ ನಡುವೆ ಸಿಕ್ಕಿತು. ಮಡಿಕೆಯಲ್ಲೇ ಹರಿದಿತ್ತು. ಡಾಕ್ಟರು ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ‘ಲಿಮಾ ಟು ಎಲ್‌ಎಡಿ’. ಅಂದರೆ ಎದೆಯ ಒಳಗಿನ ರಕ್ತನಾಳವನ್ನು ಹೃದಯದ ಮುಂಭಾಗದ ದೊಡ್ಡ ನಾಳಕ್ಕೆ ಜೋಡಿಸಿದ್ದಾರೆ ಅಂತ. ಉಳಿದ ಎರಡು ನಾಳ ಕಾಲಿನಿಂದ ತೆಗೆದು ಜೋಡಿಸಿದವು. ಈ ಕಾಗದ ಇಲ್ಲದಿದ್ದರೆ ಯಾವ ನಾಳ ಎಲ್ಲಿದೆ ಅಂತ ಡೈ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವಂತೆ ಮಾಡುವ ಔಷಧಿ) ಬಿಟ್ಟು ಬಿಟ್ಟು ಹುಡುಕಬೇಕು. ಡೈ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಶುಗರ್ ಇದ್ದವರಿಗಂತೂ ಇನ್ನೂ ಹುಷಾರಾಗಿರಬೇಕು. ಮೊದಲೇ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ನಿಲ್ಲಿಸಬೇಕಾ ಅಂತ ಡಾಕ್ಟರನ್ನೇ ಕೇಳಿ.

ಯಾಕೆ ಮತ್ತೆ ಬರುತ್ತದೆ ಅಂದ್ರಲ್ಲ. ಎದೆಯ ನಾಳ ಬಹಳ ವರ್ಷ ಬಾಳುತ್ತದೆ, ಹತ್ತು ವರ್ಷ ಕಳೆದರೂ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಕಾಲಿನ ನಾಳ ಹಾಗಲ್ಲ. ಹೃದಯದ ಒತ್ತಡಕ್ಕೆ ಅದರ ಗೋಡೆ ದಪ್ಪವಾಗಿ, ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ. ನಮ್ಮ ಎಡದಂಡೆ ಕಾಲುವೆಗೆ ಹೂಳು ತುಂಬಿದ ಹಾಗೆ. ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಕಾಲಿನ ನಾಳಗಳು ಮುಚ್ಚಿರುತ್ತವೆ ಇಲ್ಲವೇ ಕೆಟ್ಟಿರುತ್ತವೆ. ನಿಮ್ಮ ಮಾವನವರದು ಅದಕ್ಕೂ ಹಳೇದು, ಅಲ್ವಾ?

ಹಾಗಾಗಿ ಡಾಕ್ಟರನ್ನು ಒಂದು ಮಾತು ಕೇಳಿ: ಸ್ಟೆಂಟ್ ಹಾಕೋದು ಜೋಡಿಸಿದ ನಾಳಕ್ಕೋ, ಹುಟ್ಟಿನಿಂದ ಇರುವ ನಾಳಕ್ಕೋ? ಆಗುವುದಾದರೆ ಹುಟ್ಟಿನ ನಾಳವನ್ನೇ ತೆರೆಯುವುದು ಒಳ್ಳೇದು ಅನ್ನುತ್ತಾರೆ. ಅಲ್ಲಿ ಸ್ಟೆಂಟ್ ಜಾಸ್ತಿ ದಿನ ಬಾಳುತ್ತದೆ. ಆದರೆ ಅದು ವರ್ಷಗಟ್ಟಲೆ ಪೂರ್ತಿ ಮುಚ್ಚಿದ್ದರೆ ತೆರೆಯುವುದು ಕಷ್ಟದ ಕೆಲಸ, ಅದರಲ್ಲಿ ಕೈ ಪಳಗಿದ ಡಾಕ್ಟರೇ ಬೇಕು. ಇಂಥ ಕೇಸ್ ಎಷ್ಟು ಮಾಡಿದ್ದೀರಿ ಅಂತ ಕೇಳೋಕೆ ಸಂಕೋಚ ಬೇಡ.

ಅಪ್ಪಾಜಿಗೆ ಎಡಗೈ ಮಣಿಕಟ್ಟಿನಿಂದ ಮಾಡಿದರು. ಲಿಮಾ ನಾಳ ಎಡಗಡೆಯಿಂದಲೇ ಹೊರಡುತ್ತದೆ, ಅದನ್ನು ನೋಡೋಕೆ ಆ ದಾರಿ ಸಲೀಸು. ಡಾಕ್ಟರು ಬಲಗಡೆ ನಿಲ್ಲುವುದರಿಂದ ಎಡಗೈಯನ್ನು ಹೊಟ್ಟೆ ಮೇಲೆ ಅಡ್ಡ ಇಟ್ಟು, ಕೆಳಗೆ ದಿಂಬು ಕೊಟ್ಟಿದ್ದರಂತೆ. ಎಚ್ಚರವಾಗೇ ಇದ್ದರು. ಕೆಲವರಿಗೆ ತೊಡೆಯಿಂದ ಮಾಡುತ್ತಾರೆ. ಬೈಪಾಸಿಗೆ ಕೈಯ ನಾಳವನ್ನೇ ತೆಗೆದಿದ್ದರೆ ಆ ಕೈಯಿಂದ ಆಗೋದಿಲ್ಲ. ಇದೂ ಹಳೇ ಕಾಗದದಲ್ಲೇ ಇರುತ್ತದೆ.

ಹೊಸಪೇಟೆಯಿಂದ ಉತ್ತರ:
ನಮ್ಮ ಚಿಕ್ಕಪ್ಪನಿಗೆ ಕಾಲಿನಿಂದ ತೆಗೆದು ಜೋಡಿಸಿದ ನಾಳಕ್ಕೇ ಸ್ಟೆಂಟ್ ಹಾಕಬೇಕಾಯಿತು. ಹಳೇ ನಾಳದೊಳಗಿನ ಕೊಬ್ಬಿನ ಚೂರು ಕಿತ್ತು ಮುಂದೆ ಹೋದರೆ ಹೃದಯಕ್ಕೆ ತೊಂದರೆ. ಅದನ್ನು ಹಿಡಿಯೋಕೆ ಸಣ್ಣ ಜಾಲರಿ ಬಳಸುತ್ತಾರೆ. ಎಲ್ಲರಿಗೂ ಬೇಕಾಗಲ್ಲ, ಕೇಳಿ ನೋಡಿ. ಎರಡನೇ ಸಲ ಎದೆ ತೆರೆಯುವುದು ಮೊದಲಿನದಕ್ಕಿಂತ ಅಪಾಯ. ಲಿಮಾ ಚೆನ್ನಾಗಿದ್ದರೆ ಸಾಮಾನ್ಯವಾಗಿ ಸ್ಟೆಂಟ್ ಕಡೆಗೇ ಹೋಗುತ್ತಾರೆ.

ಗಂಗಾವತಿಯಿಂದ ಉತ್ತರ:
ದುಡ್ಡಿನ ಮಾತು ಯಾರೂ ಹೇಳಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೋಗುವ ಮೊದಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬಗ್ಗೆ ವಿಚಾರಿಸಿ. ನಮ್ಮ ಕಡೆಯವರಿಗೆ ಕಲಬುರಗಿಯಲ್ಲೇ ಜಯದೇವ ಇದೆ, ಸುಮ್ನೆ ಬೆಂಗಳೂರಿಗೆ ಓಡಬೇಡಿ. 2017ರಿಂದ ಸ್ಟೆಂಟ್ ಬೆಲೆಗೆ ಸರ್ಕಾರದ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟ್ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಇನ್ನೊಂದು. ಸ್ಟೆಂಟ್ ಆದ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಮಾತ್ರೆ ಕೊಡುತ್ತಾರೆ. ಆರಾಮಾಯ್ತು ಅಂತ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ಹಲ್ಲು ಕೀಳಿಸೋಕೆ ಹೋಗುವಾಗಲೂ ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಿಸಬೇಡಿ.