ಸಹಾಯ ಬೇಕು: 1970ರ ಶೆವೆಲ್ ಎಸ್‌ಎಸ್ ಅಸಲಿಯೇ?

ಮಿಶಿಗನ್‌ನಲ್ಲಿ ನಮ್ಮ ನೆರೆಮನೆಯ ಹಿರಿಯರು 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 454 ಕಾರನ್ನು ಮಾರಲಿದ್ದಾರೆ. ಕೊಳ್ಳಲೇಬೇಕೆಂಬ ಆಸೆ ನನ್ನದು. ಆದರೆ ಆ ವರ್ಷ ಎಸ್‌ಎಸ್ (ಸೂಪರ್ ಸ್ಪೋರ್ಟ್) ಎಂಬುದು ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದ ಪ್ಯಾಕೇಜ್. ಷಾಸಿ ಸಂಖ್ಯೆ ನೋಡಿದರೆ ಅದು ತಿಳಿಯುವುದಿಲ್ಲ. ಶೆವೆಲ್‌ನದೇ ಸಾಧಾರಣ ಮಾದರಿಯಾದ ಮಾಲಿಬುವಿಗೆ ಎಸ್‌ಎಸ್ ಲಾಂಛನ ಕೂರಿಸಿ ಮಾರುವವರೂ ಇದ್ದಾರೆ.

ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಎಂಜಿನ್ ಮೇಲೆ ಅಚ್ಚೊತ್ತಿದ ಅಂಕಿಗಳು ಷಾಸಿ ಸಂಖ್ಯೆಗೆ ಹೊಂದುತ್ತವೆ. ಆದರೆ ಆ ಜಾಗ ಉಜ್ಜಿದಂತೆ ನುಣುಪಾಗಿದೆ. ಹಳೆಯ ಅಂಕಿ ಅಳಿಸಿ ಹೊಸದನ್ನು ಅಚ್ಚೊತ್ತಿರಬಹುದೇ ಎಂಬುದೇ ನನ್ನ ಅನುಮಾನ. ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಕಾರ್ಖಾನೆಯ ಹಾಳೆ (ಬಿಲ್ಡ್ ಶೀಟ್) ಕೆಲವೊಮ್ಮೆ ಪೆಟ್ರೋಲ್ ಟ್ಯಾಂಕಿನ ಮೇಲೆ ಉಳಿದಿರುತ್ತದೆ. ಟ್ಯಾಂಕ್ ಇಳಿಸಿ ನೋಡಿದವರು ಇದ್ದೀರಾ? ಎಂಜಿನ್ 454ರ ಹೆಚ್ಚು ಶಕ್ತಿಶಾಲಿ ಆವೃತ್ತಿಯಾದ, 450 ಅಶ್ವಶಕ್ತಿಯ ಎಲ್‌ಎಸ್6 ಆಗಿದ್ದರಂತೂ ಬೆಲೆಯೇ ಬೇರೆ. ಎಂಜಿನ್ ಮೂಲದ್ದಲ್ಲದಿದ್ದರೆ ಮರುಮಾರಾಟದಲ್ಲಿ ಎಷ್ಟು ಹೊಡೆತ ಬೀಳುತ್ತದೆ? ಅನುಭವವಿರುವವರು ದಯವಿಟ್ಟು ತಿಳಿಸಿ.