ತೂಕ ತಿದ್ದಲು ಹೋದರೆ ಬಿಲ್ಲಿನ ಫಾರ್ಮ್ ನಿಂತುಹೋಗುತ್ತದೆ: ಯಾವ ಈವೆಂಟ್ ಹಿಡಿಯಬೇಕು?

ಮಂಡಿ ಲೆಕ್ಕಿಗ:
ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ಕಾಲೇಜಿನಲ್ಲಿ ಸ್ವಲ್ಪ ಸಿ ಭಾಷೆ ಕಲಿತಿದ್ದೆ. ಅಲ್ಲಿ ಮೇನ್ ಎಂಬ ಆರಂಭದ ಭಾಗದಿಂದ ಹೊರಟ ಪ್ರೋಗ್ರಾಂ ಸಾಲು ಸಾಲಾಗಿ ಇಳಿದು ಮುಗಿಯುತ್ತಿತ್ತು. ಈಗ ಎರಡು ತಿಂಗಳಿಂದ ರಾತ್ರಿ ಕುಳಿತು ವಿಷುವಲ್ ಬೇಸಿಕ್ ಡಾಟ್ ನೆಟ್‌ನಲ್ಲಿ ವಿಂಡೋಸ್ ಫಾರ್ಮ್ಸ್ (ಪೆಟ್ಟಿಗೆ, ಗುಂಡಿಗಳಿರುವ ಕಿಟಕಿ ಕಟ್ಟುವ ಸಾಧನ) ಕಲಿಯುತ್ತಿದ್ದೇನೆ.

ಫಾರ್ಮ್‌ನಲ್ಲಿ ಅಡಿಕೆಯ ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು), ಕಿಲೋದಲ್ಲಿ ತೂಕ, ಕ್ವಿಂಟಾಲ್ ದರ ಮತ್ತು ಮೊತ್ತ ಇವೆ. ತೂಕದ ಪೆಟ್ಟಿಗೆಯ ಟೆಕ್ಸ್ಟ್‌ಚೇಂಜ್ಡ್ ಈವೆಂಟ್‌ನಲ್ಲಿ, ಅಂದರೆ ಪಠ್ಯ ಬದಲಾದಾಗ ನಡೆಯುವ ಕೋಡ್‌ನಲ್ಲಿ, ಲೆಕ್ಕ ಬರೆದಿದ್ದೇನೆ. 65 ಎಂದು ಬರೆದದ್ದನ್ನು ಅಳಿಸಿ 64.5 ಮಾಡಲು ಹೋದರೆ, ಅಳಿಸುತ್ತಿದ್ದಂತೆಯೇ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಇನ್ನೊಂದು ತೊಂದರೆ: ‘ಉಳಿಸು’ ಗುಂಡಿಯನ್ನು ಕಟ್ ಮಾಡಿ ಗ್ರೂಪ್‌ಬಾಕ್ಸ್ ಎಂಬ ಚೌಕಟ್ಟಿನ ಒಳಗೆ ಅಂಟಿಸಿದ ಮೇಲೆ ಅದು ಕೆಲಸ ಮಾಡುತ್ತಿಲ್ಲ. ಕೋಡ್ ಇದ್ದಲ್ಲೇ ಇದೆ. ಇಷ್ಟಕ್ಕೂ ಈ ಸಬ್‌ಗಳನ್ನೆಲ್ಲ (ಹೆಸರಿಟ್ಟ ಕೋಡ್ ತುಂಡುಗಳನ್ನು) ಕರೆಯುವವರು ಯಾರು? ಅದು ತಿಳಿಯದೆ ಮುಂದೆ ಹೆಜ್ಜೆ ಇಡಲು ಮನಸ್ಸಾಗುತ್ತಿಲ್ಲ.

ನಿವೃತ್ತ ಉಪನ್ಯಾಸಕಿ:
ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ವಿಷುವಲ್ ಬೇಸಿಕ್‌ನ ಹಳೆಯ ಆವೃತ್ತಿ ವಿಬಿ 6 ಬಂದ 1998ರಿಂದ ಪಾಲಿಟೆಕ್ನಿಕ್‌ನಲ್ಲಿ ಇದನ್ನು ಕಲಿಸಿದ್ದೇನೆ. ಆ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳೇ ಮುಂದೆ ಗಟ್ಟಿಯಾಗಿ ನಿಂತರು.

ನಿಮ್ಮ ಪ್ರೋಗ್ರಾಂ ಹೆಚ್ಚಿನ ಹೊತ್ತು ಏನೂ ಮಾಡುವುದಿಲ್ಲ, ಕಾಯುತ್ತದೆ. ಕೀಲಿ ಒತ್ತಿದ್ದು, ಮೌಸ್ ಕ್ಲಿಕ್ ಆದದ್ದು, ಎಲ್ಲವನ್ನೂ ವಿಂಡೋಸ್ ಒಂದು ಸರದಿಯಲ್ಲಿ ಇಡುತ್ತದೆ. ಫಾರ್ಮ್‌ನ ಹಿಂದೆ ಸುತ್ತುತ್ತಿರುವ ಲೂಪ್ ಆ ಸರದಿಯಿಂದ ಒಂದೊಂದನ್ನೇ ತೆಗೆದು, ಅದಕ್ಕೆ ಹೊಂದಿಸಿದ ಸಬ್ ಅನ್ನು ಕರೆಯುತ್ತದೆ. ಮಂಡಿಯಲ್ಲಿ ರೈತರು ಒಬ್ಬರ ಹಿಂದೆ ಒಬ್ಬರು ನಿಂತಿರುವಾಗ ನೀವು ಒಬ್ಬರ ಲೆಕ್ಕ ಮುಗಿಸಿಯೇ ಮುಂದಿನವರನ್ನು ಕರೆಯುತ್ತೀರಲ್ಲ, ಹಾಗೆಯೇ. ನಿಮ್ಮ ಸಬ್ ಅರ್ಧ ನಿಮಿಷ ತೆಗೆದುಕೊಂಡರೆ ಅಷ್ಟು ಹೊತ್ತು ಫಾರ್ಮ್ ಅಲುಗುವುದಿಲ್ಲ.

ಈಗ ತೂಕದ ವಿಷಯ. ಟೆಕ್ಸ್ಟ್‌ಚೇಂಜ್ಡ್ ಪ್ರತಿ ಅಕ್ಷರಕ್ಕೂ ಆಗುತ್ತದೆ. ದರ 48,000 ಇದ್ದರೆ, 6 ಒತ್ತಿದಾಗ ಮೊತ್ತ 2,880, 5 ಒತ್ತಿದಾಗ 31,200. ಎಲ್ಲ ಅಳಿಸಿದಾಗ ಪೆಟ್ಟಿಗೆ ಖಾಲಿ. ನೀವು ಬಳಸಿರಬಹುದಾದ ಸಿಡೆಕ್ ಎಂಬ ಪರಿವರ್ತಕ ಖಾಲಿ ಪಠ್ಯವನ್ನು ಸಂಖ್ಯೆಯಾಗಿ ಬದಲಿಸಲಾರದು, ದೋಷ ಬಂದದ್ದು ಅಲ್ಲಿಯೇ. ಅದರ ಬದಲು ಡೆಸಿಮಲ್ ಡಾಟ್ ಟ್ರೈಪಾರ್ಸ್ ಬಳಸಿ, ಅದು ಆಗದಿದ್ದರೆ ಫಾಲ್ಸ್ ಎಂದಷ್ಟೇ ಹೇಳುತ್ತದೆ. ಪರೀಕ್ಷೆಯನ್ನು ವ್ಯಾಲಿಡೇಟಿಂಗ್ ಈವೆಂಟ್‌ಗೆ ಸಾಗಿಸಿ. ಪೆಟ್ಟಿಗೆ ಬಿಟ್ಟು ಮುಂದಿನದಕ್ಕೆ ಹೋಗುವಾಗ ಒಮ್ಮೆ ಮಾತ್ರ ಅದು ಆಗುತ್ತದೆ, ತೂಕ ತಪ್ಪಿದ್ದರೆ ಕ್ಯಾನ್ಸಲ್ ಅನ್ನು ಟ್ರೂ ಮಾಡಿ ತಡೆಯಬಹುದು. ‘ರದ್ದು’ ಗುಂಡಿಯ ಕಾಸಸ್‌ವ್ಯಾಲಿಡೇಶನ್ ಎಂಬ ಗುಣವನ್ನು ಫಾಲ್ಸ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತಪ್ಪು ತೂಕ ಬರೆದವರು ರದ್ದು ಮಾಡಲೂ ಆಗದೆ ಸಿಕ್ಕಿಕೊಳ್ಳುತ್ತಾರೆ.

ಇದಿಷ್ಟನ್ನೇ ನಂಬಬೇಡಿ. ಯಾರೂ ಕಾಲಿಡದ ಪೆಟ್ಟಿಗೆಗೆ ವ್ಯಾಲಿಡೇಟಿಂಗ್ ಆಗುವುದೇ ಇಲ್ಲ. ಆದ್ದರಿಂದ ‘ಉಳಿಸು’ ಕ್ಲಿಕ್‌ನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಪರೀಕ್ಷಿಸಿ. ಲೆಕ್ಕವನ್ನು ಮಾತ್ರ ಈವೆಂಟ್ ಸಬ್‌ನ ಒಳಗೆ ಬರೆಯಬೇಡಿ. ತೂಕ, ದರ ಕೊಟ್ಟರೆ ಮೊತ್ತ ಕೊಡುವ ಬೇರೆಯೇ ಫಂಕ್ಷನ್ ಮಾಡಿ, ಎರಡೂ ಕಡೆಯಿಂದ ಅದನ್ನೇ ಕರೆಯಿರಿ.

ಹುಬ್ಬಳ್ಳಿಯ ಡೆವಲಪರ್:
ಗುಂಡಿಯ ತೊಂದರೆಗೆ ಉತ್ತರ: ಕಟ್ ಮಾಡಿದಾಗ ವಿಷುವಲ್ ಸ್ಟುಡಿಯೋ (ನೀವು ಕೋಡ್ ಬರೆಯುವ ತಂತ್ರಾಂಶ) ಆ ಸಬ್‌ನ ಮೊದಲ ಸಾಲಿನ ಕೊನೆಯಲ್ಲಿದ್ದ ಹ್ಯಾಂಡಲ್ಸ್ ಭಾಗವನ್ನು ತೆಗೆದುಹಾಕುತ್ತದೆ, ಅಂಟಿಸಿದಾಗ ಮರಳಿ ಸೇರಿಸುವುದಿಲ್ಲ. ಹ್ಯಾಂಡಲ್ಸ್ ಪದ, ಗುಂಡಿಯ ಹೆಸರು, ಒಂದು ಚುಕ್ಕೆ, ಕ್ಲಿಕ್ ಎಂದು ಅಲ್ಲಿ ಮತ್ತೆ ಬರೆಯಿರಿ. ಸಬ್‌ನ ಹೆಸರಿಗೂ ಗುಂಡಿಗೂ ಯಾವ ನಂಟೂ ಇಲ್ಲ, ನಂಟು ಇರುವುದು ಆ ಹ್ಯಾಂಡಲ್ಸ್ ಭಾಗದಲ್ಲಿ. ಮೊತ್ತಕ್ಕೆ ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಡಬಲ್ ಸಂಖ್ಯಾ ಬಗೆ ಬಳಸಿದ್ದರೆ ಇಂದೇ ಡೆಸಿಮಲ್‌ಗೆ ಬದಲಿಸಿ. ಹಣದ ಲೆಕ್ಕದಲ್ಲಿ ಪೈಸೆ ಜಾರಬಾರದು.

ಮಂಡಿ ಲೆಕ್ಕಿಗ:
ಇಬ್ಬರಿಗೂ ಧನ್ಯವಾದ. ಹ್ಯಾಂಡಲ್ಸ್ ಬರೆದೆ, ಗುಂಡಿಗೆ ಜೀವ ಬಂತು. 64.5ಕ್ಕೆ 30,960 ಬರುತ್ತಿದೆ. ಮೇಡಂ, ಇನ್ನೊಂದು ಸಂದೇಹ. ನಮ್ಮ ಹಿರಿಯ ಗುಮಾಸ್ತರು ಹಳೆಯ ಡಾಸ್ ಪ್ರೋಗ್ರಾಂಗೆ ಒಗ್ಗಿದವರು, ಪ್ರತಿ ಪೆಟ್ಟಿಗೆಯಲ್ಲೂ ಎಂಟರ್ ಒತ್ತುತ್ತಾರೆ. ಒತ್ತಿದ ಕೂಡಲೇ ಅರ್ಧ ಬಿಲ್ ಉಳಿಸಲು ಹೋಗುತ್ತದೆ. ಅವರಿಗೆ ಟ್ಯಾಬ್ ಒತ್ತಿ ಎಂದು ಹೇಳಲೇ?

ನಿವೃತ್ತ ಉಪನ್ಯಾಸಕಿ:
ಹೇಳಬೇಡಿ. ವರ್ಷಗಳಿಂದ ಪಳಗಿದ ಕೈ ಅದು, ಫಾರ್ಮ್ ಅದಕ್ಕೆ ಹೊಂದಿಕೊಳ್ಳಲಿ. ಫಾರ್ಮ್‌ನ ಆಕ್ಸೆಪ್ಟ್‌ಬಟನ್‌ನಲ್ಲಿ (ಎಂಟರ್ ಒತ್ತಿದರೆ ಯಾವ ಗುಂಡಿ ಎಂದು ಹೇಳುವ ಗುಣ) ‘ಉಳಿಸು’ ಇದ್ದಂತಿದೆ, ಅದನ್ನು ತೆಗೆಯಿರಿ. ಅದು ಇರುವವರೆಗೆ ಎಂಟರ್ ಪೆಟ್ಟಿಗೆಯ ಕೀಡೌನ್‌ಗೆ (ಕೀಲಿ ಒತ್ತಿದಾಗ ಆಗುವ ಈವೆಂಟ್) ತಲುಪುವುದಿಲ್ಲ. ಆಮೇಲೆ ಕೀಡೌನ್‌ನಲ್ಲಿ ಎಂಟರ್ ಬಂದರೆ ಸೆಲೆಕ್ಟ್‌ನೆಕ್ಸ್ಟ್‌ಕಂಟ್ರೋಲ್ ಕರೆದು ಮುಂದಿನ ಪೆಟ್ಟಿಗೆಗೆ ಕಳುಹಿಸಿ, ಸಪ್ರೆಸ್‌ಕೀಪ್ರೆಸ್ ಅನ್ನು ಟ್ರೂ ಮಾಡಿದರೆ ಬೀಪ್ ಸದ್ದೂ ಬರುವುದಿಲ್ಲ. ಮುಂದಿನ ಫಾರ್ಮ್ ಕಟ್ಟುವ ಮೊದಲು ಒಂದು ದಿನ ಆ ಗುಮಾಸ್ತರ ಪಕ್ಕ ಕುಳಿತು, ಅವರು ಯಾವಾಗ ಏನು ಒತ್ತುತ್ತಾರೆ ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಿಮ್ಮ ಈವೆಂಟ್‌ಗಳ ಪಟ್ಟಿ ಅದೇ.